ಗಾಳದ ಕೋಲಿಗೆ ತಕ್ಕ ರೀಲು

ಮೀನು ಹಿಡಿಯುವ ಸಾಮಾನಿನ ಅಂಗಡಿಯಲ್ಲಿ ತೆಳ್ಳನೆಯ, ಬಲು ಹಗುರವಾದ ಒಂದು ಗಾಳದ ಕೋಲಿತ್ತು. ಅದನ್ನು ಕೊಂಡ ದೇಚಮ್ಮ ಅದರ ಬುಡಕ್ಕೆ ಜೋಡಿಸಲು ಗಾಳದ ದಾರ ಸುತ್ತುವ ಒಂದು ರೀಲು ಹುಡುಕತೊಡಗಿದರು.

"ನನ್ನನ್ನು ಕಟ್ಟಿಕೋ," ಎಂದು ಕೋಲಿಗೆ ಹೇಳಿತು ಗಾಜಿನ ಕಪಾಟಿನ ದೊಡ್ಡ ಹಿತ್ತಾಳೆ ರೀಲು. "ನನ್ನಷ್ಟು ಬೆಲೆಯದು ಈ ಅಂಗಡಿಯಲ್ಲೇ ಇಲ್ಲ. ಹೊಳೆಯ ದಡದಲ್ಲಿ ಎಲ್ಲರೂ ನಿನ್ನನ್ನೇ ನೋಡುತ್ತಾರೆ."

ಕೋಲು ಹಿಗ್ಗಿತು. ಮೂಲೆಯಲ್ಲಿದ್ದ ಅಗ್ಗದ ಪುಟ್ಟ ರೀಲಿಗೆ, "ನೀನು ನನಗೆ ಸರಿಜೋಡಿಯಲ್ಲ," ಎಂದುಬಿಟ್ಟಿತು.

ದೇಚಮ್ಮ ಹಿತ್ತಾಳೆ ರೀಲನ್ನೇ ಜೋಡಿಸಿ, ಹಿಡಿಯ ಅಡಿಗೆ ಒಂದೇ ಬೆರಳು ಕೊಟ್ಟು ಕೋಲನ್ನು ತೂಗಿ ನೋಡಿದರು. ಬುಡ ಧಡಕ್ಕನೆ ಕುಸಿಯಿತು, ತುದಿ ಸೂರಿನತ್ತ ಚಿಮ್ಮಿತು. ಅವರು ಗಬಕ್ಕನೆ ಹಿಡಿಯದಿದ್ದರೆ ಕೋಲು ನೆಲಕ್ಕಪ್ಪಳಿಸಿ ಮುರಿಯುತ್ತಿತ್ತು.

"ನಿನ್ನ ಭಾರ ನನ್ನನ್ನು ಕೊಂದೇಬಿಡುತ್ತಿತ್ತಲ್ಲ!" ಎಂದು ಕೋಲು ಚೀರಿತು.

"ಬೆಲೆಯಿದ್ದಲ್ಲಿ ಭಾರವೂ ಇರುತ್ತದೆ. ತಡೆದುಕೊಳ್ಳುವುದು ನಿನ್ನ ಪಾಡು," ಎಂದಿತು ಹಿತ್ತಾಳೆ ರೀಲು.

ದೇಚಮ್ಮ ಅದನ್ನು ಬಿಚ್ಚಿಟ್ಟು ಇನ್ನೊಂದು ರೀಲಿಗೆ ಕೈಚಾಚಿದರು. ಮತ್ತೆ ಬೀಳುತ್ತೇನೆಂದು ಕೋಲು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಿತು. ಏನೂ ಆಗಲಿಲ್ಲ. ಕಣ್ಣು ಬಿಟ್ಟರೆ, ತಾನು ಅದೇ ಬೆರಳಿನ ಮೇಲೆ ಅಲುಗದೆ ಸಮವಾಗಿ ನಿಂತಿದೆ! ಕೋಲು ದಂಗಾಯಿತು.

"ಇನ್ನೂ ಯಾವ ರೀಲನ್ನೂ ಜೋಡಿಸಲಿಲ್ಲವೇ?" ಎಂದು ಕೇಳಿತು.

"ನಾನು ಬಂದು ಆಗಲೇ ಹೊತ್ತಾಯಿತು," ಎಂದಿತು ಬುಡದಿಂದ ಪುಟ್ಟ ರೀಲು.