ಹೊಳೆದಂಡೆಯ ವೃತ್ತ

ಯವನ ದೇಶದ ಆರ್ಕಿಮಿಡೀಸನ ಬಗ್ಗೆ ನಾಗಾರ್ಯರು ಶಿಷ್ಯರಿಗೆ ಎರಡು ಕಥೆ ಹೇಳಿದ್ದರು.

ಒಂದು, ಊರೆಲ್ಲ ಸೇರಿ ಎಳೆದರೂ ಕದಲದ ಹಡಗನ್ನು ಅವನು ರಾಟೆ ಹಗ್ಗ ಹೂಡಿ, ಒಬ್ಬನೇ ಕೂತು ಎಳೆದದ್ದು. ಇನ್ನೊಂದು, ಶತ್ರುವಿನ ಸೈನಿಕ ಕತ್ತಿ ಹಿರಿದು ನಿಂತಾಗಲೂ, "ನನ್ನ ವೃತ್ತ ಕೆಡಿಸಬೇಡ" ಎಂದು ಮರಳಿನ ಮೇಲೆ ಬಾಗಿಯೇ ಇದ್ದು ಸತ್ತದ್ದು.

ಶಿಷ್ಯ ಕೇತರಸನಿಗೆ ಎರಡನೆಯದೇ ಹಿಡಿಸಿತು. ಆ ಹರೆಯದಲ್ಲಿ ಸಾವು ಬಹಳ ಚಂದ ಕಾಣುತ್ತದೆ, ಅದು ಬೇರೆಯವರದಾಗಿದ್ದರೆ.

ಮರುದಿನ ಅವನು ಹೊಳೆದಂಡೆಗೆ ಹೋದ. ಮರಳಿನ ನಡುವೆ ಒಂದು ದಪ್ಪ ಗಳ ನೆಟ್ಟ. ಅದಕ್ಕೆ ಹಗ್ಗ ಕಟ್ಟಿ, ಒಕ್ಕಣೆಯ ಕಣದಷ್ಟು ದೊಡ್ಡ ವೃತ್ತ ಎಳೆದ. ಒಳಗೆ ಗೆರೆಯ ಮೇಲೆ ಗೆರೆ. ಪರಿಧಿಯ ಅಳತೆ ಇನ್ನೇನು ಕೈಗೆ ಸಿಗುವುದರಲ್ಲಿತ್ತು. ಸಂಜೆ ಗಾಳಿ ಎದ್ದರೆ ಎಲ್ಲ ಅಳಿಸಿಹೋಗುತ್ತದೆ.

ಅಂಬಿಗ ಬೋರಣ್ಣ ಓಡಿ ಬಂದ.

"ಸಾಮೀ, ಒಂದು ಕೈ ಹಾಕಿ. ದೋಣಿ ಹೂಳಲ್ಲಿ ಕಚ್ಚಿಕೊಂಡಿದೆ. ಒಳಗೆ ನನ್ನ ಮಗಳು ಹೆರಿಗೆನೋವು ತಿಂತಾ ಮಲಗಿದಾಳೆ. ಸೂಲಗಿತ್ತಿ ಇರೋದು ಆಚೆ ದಡದಲ್ಲಿ."

ಕೇತರಸ ತಲೆ ಎತ್ತಲಿಲ್ಲ. "ನನ್ನ ವೃತ್ತ ತುಳಿಯಬೇಡ."

"ಅಯ್ಯೋ, ಸುತ್ತಿಕೊಂಡೇ ಬಂದಿದೀನಿ ಸಾಮೀ. ನೀವು ಮೊದಲು ಏಳಿ."

"ಇನ್ನು ನಾಲ್ಕೇ ಗೆರೆ."

"ಕೂಸು ನಿಮ್ಮ ಗೆರೆ ಎಣಿಸ್ಕೊಂಡು ಬರುತ್ತಾ?"

ಕೂಗಾಟ ಕೇಳಿ ನಾಗಾರ್ಯರು ಆಶ್ರಮದಿಂದ ಇಳಿದು ಬಂದರು. ಹೂಳಲ್ಲಿ ಸಿಕ್ಕ ದೋಣಿಯನ್ನು ಒಮ್ಮೆ ನೋಡಿದರು. ನೇರ ವೃತ್ತದೊಳಗೆ ನಡೆದು, ನಡುವಿನ ಗಳ ಕಿತ್ತು ಹೆಗಲಿಗೇರಿಸಿದರು.

"ಗುರುಗಳೇ, ಕೇಂದ್ರ! ಕೇಂದ್ರ ಹೋಯಿತು!"

ಗುರುಗಳು ತಿರುಗಿ ನೋಡಲಿಲ್ಲ. ದೋಣಿಯ ಪಕ್ಕಕ್ಕೆ ಒಂದು ಕಲ್ಲು ಉರುಳಿಸಿದರು. ಗಳವನ್ನು ಅದರ ಮೇಲೊರಗಿಸಿ, ತುದಿಯನ್ನು ದೋಣಿಯ ಅಡಿಗೆ ತೂರಿಸಿದರು. ಆಮೇಲೆ ಕಲ್ಲನ್ನು ಬೆರಳಿನಿಂದ ತಟ್ಟಿದರು.

"ಕೇಂದ್ರ ಇಲ್ಲಿದೆ. ಬಂದು ಒತ್ತು."

ದೋಣಿಯೊಳಗಿಂದ ಹುಡುಗಿ ಚೀರಿದಳು.

ಕೇತರಸ ಎದ್ದು ಓಡಿದ, ತನ್ನದೇ ಗೆರೆಗಳನ್ನು ತುಳಿದುಕೊಂಡು.

ಅವನು ಒತ್ತಿದ. ಬೋರಣ್ಣ ತಳ್ಳಿದ. ಹೂಳು ಲೊಚಕ್ಕೆಂದಿತು. ದೋಣಿ ನೀರಿಗೆ ಜಾರಿತು.

"ಗಂಡಾದ್ರೆ ಗುರುಗಳ ಹೆಸರು!" ಬೋರಣ್ಣ ಹುಟ್ಟು ಹಾಕುತ್ತಲೇ ಕೂಗಿದ.

ಮೊಣಕಾಲುವರೆಗೆ ಕೆಸರಾಗಿ ಕೇತರಸ ದಂಡೆಯಲ್ಲಿ ಕೂತ. ಆಚೆ ದಡದಿಂದ ಕೂಸಿನ ಅಳು ಕೇಳುವಷ್ಟರಲ್ಲಿ ಗಾಳಿ ಎದ್ದು, ಉಳಿದ ಗೆರೆಗಳನ್ನೂ ಒಯ್ದಿತ್ತು.

"ಆ ಯವನ ಏಳಲಿಲ್ಲವಲ್ಲ, ಗುರುಗಳೇ," ಅವನು ಮೆಲ್ಲಗೆ ಕೇಳಿದ. "ಅವನನ್ನು ನೀವೇ ಹೊಗಳಿದಿರಿ."

ನಾಗಾರ್ಯರು ಗಳದ ಕೆಸರು ತೊಳೆಯುತ್ತಿದ್ದರು.

"ಅವನನ್ನು ಎಬ್ಬಿಸಲು ಬಂದದ್ದು ಕತ್ತಿ ಕಣಪ್ಪಾ. ನಿನ್ನನ್ನು ಕರೆದದ್ದು ದೋಣಿ."