ಶೀಲೋವಿಗೆ ಹೋದ ಮೂರು ಅಂಗಿ

ಈ ಕತೆ ನನಗೆ ಮೊದಲು ಹೇಳಿದವರು ನಮ್ಮತ್ತೆ ದಯಾಮಣಮ್ಮ, ನಿಮ್ಮಪ್ಪನ ಅಜ್ಜಿ. ಚಿಕ್ಕಬಳ್ಳಾಪುರದಲ್ಲಿ ಹೊಲಿಗೆ ಟೀಚರಾಗಿದ್ದೋರು. ತಾಯಿ ವರ್ಷವರ್ಷ ಮಗನಿಗೆ ಒಂದು ಅಂಗಿ ಹೊಲಿದು ತರುತ್ತಿದ್ದಳು ಅಂತ ಬೈಬಲ್ಲಿನಲ್ಲಿ ಒಂದೇ ಸಾಲು ಇರೋದು. ಅಷ್ಟು ಚಿಕ್ಕ ಬಟ್ಟೆ ಅತ್ತೆಗೆ ಸಾಲಲಿಲ್ಲ, ಮಿಕ್ಕಿದ್ದು ಅವರೇ ಸೇರಿಸಿದ್ದು. ಹೂಂಗುಟ್ಟುತಾ ಇರು. ಹೂಂ ನಿಂತರೆ ಕತೆನೂ ನಿಲ್ಲುತ್ತೆ.

ಇಸ್ರಾಯೇಲಿಗೆ ಇನ್ನೂ ರಾಜ ಅಂತ ಒಬ್ಬ ಇರದಿದ್ದ ಕಾಲವಂತೆ. ರಾಮಾ ಅನ್ನೋ ಗುಡ್ಡದೂರಿನಲ್ಲಿ ಎಲ್ಕಾನ ಅಂತ ಒಬ್ಬನಿದ್ದ, ಅವನಿಗೆ ಇಬ್ಬರು ಹೆಂಡಿರು. ದೊಡ್ಡವಳು ಹನ್ನ, ಚಿಕ್ಕವಳು ಪೆನಿನ್ನ. ಪೆನಿನ್ನಳಿಗೆ ಮನೆ ತುಂಬ ಮಕ್ಕಳು, ಹನ್ನಳಿಗೆ ಒಂದೂ ಇಲ್ಲವಂತೆ. ವರ್ಷಕ್ಕೊಂದು ಸಲ ಎಲ್ಲರೂ ಶೀಲೋ ಅನ್ನೋ ಊರಿನ ದೇವರ ಮಂದಿರಕ್ಕೆ ಹೋಗಿ, ಬಲಿ ಕೊಟ್ಟು, ಅಲ್ಲೇ ಊಟ ಮಾಡಿ ಬರೋರಂತೆ. ಊಟಕ್ಕೆ ಕೂತರೆ ಪೆನಿನ್ನ, ತಿನ್ನಕ್ಕಾ ತಿನ್ನು, ಯಾರ ಬಾಯಿಗಾದರೂ ಇಡೋದಿದೆಯಾ ನಿನಗೆ, ಅನ್ನೋಳಂತೆ. ಹನ್ನ ಕೈ ತೊಳೆದು ಎದ್ದುಬಿಡೋಳು. ಗಂಡ ಹಿಂದೆಯೇ ಬಂದು, ಯಾಕೆ ಅಳ್ತೀಯ, ನಾನು ನಿನಗೆ ಹತ್ತು ಮಕ್ಕಳಿಗಿಂತ ಹೆಚ್ಚಲ್ಲವಾ, ಅಂತ ಕೇಳೋನಂತೆ. ಪಾಪ, ಒಳ್ಳೆಯವನೇ. ಗಂಡಸರಿಗೆ ಆ ಲೆಕ್ಕ ಹಾಗೇ ತೋಚೋದು.

ಒಂದು ವರ್ಷ ಹನ್ನ ನೇರ ಮಂದಿರಕ್ಕೆ ಹೋಗಿ, ಸ್ವಾಮೀ, ಒಂದು ಗಂಡುಮಗು ಕೊಡು, ಕೊಟ್ಟರೆ ಅವನನ್ನ ನಿನಗೇ ಒಪ್ಪಿಸ್ತೀನಿ, ಅವನ ತಲೆಗೆ ಕ್ಷೌರದ ಕತ್ತಿ ಸೋಕಿಸಲ್ಲ, ಅಂತ ಹರಕೆ ಹೊತ್ತಳಂತೆ. ನಮ್ಮ ಕಡೆ ಮಗುವಿನ ಕೂದಲು ಕೊಡ್ತೀವಿ ಅಂತಾರೆ, ಇವಳು ಕೂದಲು ಬಿಟ್ಟು ಮಗೂನೇ ಕೊಡ್ತೀನಿ ಅಂದಳು. ತುಟಿ ಅಲ್ಲಾಡ್ತಿದೆ, ಸದ್ದಿಲ್ಲ. ಬಾಗಿಲಲ್ಲಿ ಕೂತಿದ್ದ ಏಲಿ ಅನ್ನೋ ಮುದುಕ ಯಾಜಕ ನೋಡಿ, ಎಷ್ಟು ಕುಡಿದು ಬಂದಿದೀಯಮ್ಮ, ಅಮಲು ಇಳಿಸಿಕೊಂಡು ಬಾ ಹೋಗು, ಅಂತ ಗದರಿಸಿಬಿಟ್ಟನಂತೆ. ಹನ್ನ, ಕುಡಿದಿಲ್ಲ ಸ್ವಾಮಿ, ಎದೇಲಿದ್ದದ್ದನ್ನ ದೇವರ ಮುಂದೆ ಸುರೀತಿದೀನಿ, ಅಂದಳಂತೆ. ಮುದುಕನಿಗೆ ನಾಚಿಕೆಯಾಯಿತು. ಸಮಾಧಾನವಾಗಿ ಹೋಗು ತಾಯಿ, ನೀನು ಕೇಳಿದ್ದು ಸಿಗಲಿ, ಅಂದನಂತೆ.

ಸಿಕ್ಕಿತು. ಮಗುವಿಗೆ ಸಮುವೇಲ ಅಂತ ಹೆಸರಿಟ್ಟಳು. ಆಮೇಲೆ ಮೂರು ವರ್ಷ ಎದೆಹಾಲು ಕುಡಿಸಿ, ಹಾಲು ಬಿಡಿಸಿ, ಕೈಹಿಡಿದು ನಡೆಸಿಕೊಂಡು ಹೋಗಿ ಏಲಿಯ ಮುಂದೆ ನಿಲ್ಲಿಸಿದಳಂತೆ. ಅವತ್ತು ಅವಳು ಅಳಲಿಲ್ಲ, ಹಾಡಿದಳಂತೆ. ಕೊಡೋ ದಿವಸ ಹಾಡಬಹುದು ಮಗಳೇ. ಕಷ್ಟ ಇರೋದು ಅದರ ಮಾರನೇ ದಿವಸದಿಂದ.

ಆಮೇಲೆ ಮುಂದಿನ ಯಾತ್ರೆಗೆ ಅವಳೊಂದು ನಿಲುವಂಗಿ ಹೊಲಿದಳು. ಅಳತೆ ಎಲ್ಲಿಂದ ತರೋದು? ಎತ್ತಿಕೊಂಡರೆ ಅವನ ಕಾಲು ತನ್ನ ಸೊಂಟಕ್ಕೆ ಬರ್ತಿದ್ದದ್ದು ಅವಳ ಕೈಗೆ ಇನ್ನೂ ನೆನಪಿತ್ತಂತೆ, ಆ ನೆನಪಿಗೇ ಕತ್ತರಿಸಿದಳು. ಶೀಲೋವಿಗೆ ಹೋಗಿ ತೊಡಿಸಿದರೆ ಅಂಗಿ ಕುತ್ತಿಗೆಯಲ್ಲೇ ಸಿಕ್ಕಿಕೊಂಡಿತು. ಹಿಂದಿನಿಂದ ಪೆನಿನ್ನ, ಅಯ್ಯೋ ಅಕ್ಕಾ, ಗೊಂಬೆಗೆ ಹೊಲಿದೆಯಾ, ಹೆತ್ತವಳಿಗೇ ಮಗನ ಅಳತೆ ಗೊತ್ತಿಲ್ಲವಲ್ಲ, ಅಂದಳಂತೆ. ಅಂಗಿಯೊಳಗೆ ತಲೆ ಸಿಕ್ಕಿಕೊಂಡ ಮಗು, ಅಮ್ಮಾ ಮನೆಗೆ ಹೋಗೋಣ, ಅಂತ ಅತ್ತಿತು. ಹನ್ನ ಅವನ ಬೆರಳು ಒಂದೊಂದಾಗಿ ತನ್ನ ಸೆರಗಿನಿಂದ ಬಿಡಿಸಿ ಹೊರಟಳಂತೆ, ತಿರುಗಿ ನೋಡಲಿಲ್ಲವಂತೆ.

ಎರಡನೇ ವರ್ಷ ಇನ್ನು ಆ ಮಾತು ಕೇಳಬಾರದು ಅಂತ, ಪೆನಿನ್ನಳ ಮಕ್ಕಳಲ್ಲಿ ಅದೇ ವಯಸ್ಸಿನವನನ್ನ ಒಣದ್ರಾಕ್ಷಿ ಕೊಟ್ಟು ಕರೆದು, ಅವನ ಮೈಮೇಲೆ ಅಳತೆ ತೆಗೆದಳಂತೆ. ಅವನೋ ಬೆಣ್ಣೆ ತಿಂದು ಬೆಳೆದವನು, ಮನೆಯಲ್ಲಿ ತಾಯಿ ಕೈತುತ್ತು ಉಂಡವನು. ಆ ಅಂಗಿ ಸಮುವೇಲನ ಪಾದ ದಾಟಿ ನೆಲ ಗುಡಿಸಿತು. ಅದನ್ನೇ ತೊಟ್ಟು ಖುಷಿಯಲ್ಲಿ ದೀಪಕ್ಕೆ ಎಣ್ಣೆ ತರೋಕೆ ಓಡಿದವನು ಎಡವಿ ಬಿದ್ದ. ಎಣ್ಣೆಯೆಲ್ಲ ನೆಲದ ಪಾಲು. ಮಗು ಬಿಕ್ಕಿಬಿಕ್ಕಿ ಅಳ್ತಿತ್ತು.

ಹನ್ನಳಿಗೆ ಆಗ ಏನಾಯಿತೋ, ಅವನನ್ನ ಬಾಚಿ ಸೊಂಟದ ಮೇಲೆ ಕೂರಿಸಿಕೊಂಡು ನೆಟ್ಟಗೆ ಹೊರಬಾಗಿಲಿಗೆ ನಡೆದುಬಿಟ್ಟಳಂತೆ. ಹೊರಗೆ ಎಲ್ಕಾನ ಕತ್ತೆ ಹಿಡಿದುಕೊಂಡು ನಿಂತಿದ್ದ. ನೋಡಿದ. ಹರಕೆ ಹೊತ್ತ ಬಾಯಿ ನಿನ್ನದು, ನಾನೇನೂ ಹೇಳಲ್ಲ, ಅಂದು ಮುಖ ತಿರುಗಿಸಿಕೊಂಡನಂತೆ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಮಗ ಅವಳವನು. ಕೇಳೋರು ಯಾರು? ಏಲಿಗೆ ಕಣ್ಣು ಪೂರಾ ಮಂಜಾಗಿತ್ತು. ಅವನ ಇಬ್ಬರು ಗಂಡುಮಕ್ಕಳೂ ಯಾಜಕರೇ, ಬಲಿಯ ಮಾಂಸ ಯಾವ ಹಂಡೆಯಲ್ಲಿದೆ ಅನ್ನೋದು ಬಿಟ್ಟು ಬೇರೇನೂ ಅವರಿಗೆ ಕಾಣ್ತಿರಲಿಲ್ಲ.

ಹೂಂ ಅನ್ನು. ಎದ್ದಿದೀಯಾ?

ಅಷ್ಟರಲ್ಲಿ ಒಳಗಿಂದ ಏಲಿಯ ದನಿ ಬಂತಂತೆ. ಸಮುವೇಲಾ, ಬಿದ್ದೆಯಾ ಕಂದಾ, ಪೆಟ್ಟಾಯಿತಾ, ಅಂತ ಕೂಗುತ್ತಾ ಮುದುಕ ಮೊಣಕಾಲೂರಿ, ಮಗು ಇಲ್ಲದ ಕಡೆಯೆಲ್ಲ ಕೈಯಾಡಿಸಿ ಹುಡುಕ್ತಿದ್ದ. ಸೊಂಟದ ಮೇಲಿದ್ದ ಮಗು ಅಳು ನಿಲ್ಲಿಸಿ, ಅಮ್ಮಾ, ತಾತಂಗೆ ಕಣ್ಣು ಕಾಣಲ್ಲ, ಎಣ್ಣೇಲಿ ಜಾರಿ ಬೀಳ್ತಾರೆ, ನನ್ನ ಇಳಿಸು, ಅಂತಂತೆ.

ಬಾಗಿಲಲ್ಲಿ ಹನ್ನ ಎಷ್ಟು ಹೊತ್ತು ನಿಂತಿದ್ದಳೋ ದೇವರಿಗೇ ಗೊತ್ತು. ಮಗು ಇನ್ನೊಂದು ಸಲ, ಇಳಿಸಮ್ಮಾ, ಅಂತು. ಇಳಿಸಿದಳು. ಅವನು ಅಂಗಿ ಎರಡೂ ಕೈಲಿ ಎತ್ತಿ ಹಿಡಿದುಕೊಂಡು ಒಳಗೆ ಓಡಿದನಂತೆ. ಹೋದ ಸಲ ಅವಳು ಅವನ ಬೆರಳು ಬಿಡಿಸಿದ್ದಳು, ಈ ಸಲ ತನ್ನ ಬೆರಳು ಬಿಡಿಸಬೇಕಾಯಿತು. ವಾಪಸು ದಾರಿಯುದ್ದ ಪೆನಿನ್ನ ಒಂದು ಕೊಂಕು ಮಾತೂ ಆಡಲಿಲ್ಲವಂತೆ, ಅದೇ ಆಶ್ಚರ್ಯ.

ಮೂರನೇ ವರ್ಷ ಬಟ್ಟೆ ಹರಡಿಕೊಂಡು ಕೂತ ಹನ್ನಳಿಗೆ ಕತ್ತರಿಸೋಕೆ ಕೈಯೇ ಬರಲಿಲ್ಲವಂತೆ. ಒಂದು ದಿನ ಆಯಿತು, ಎರಡು ದಿನ ಆಯಿತು. ಮೂರನೇ ದಿನ ಪೆನಿನ್ನ ಬಂದು ಎದುರಿಗೆ ಕೂತು, ಅಕ್ಕಾ, ನನ್ನ ಇಷ್ಟು ಮಕ್ಕಳಲ್ಲಿ ಒಂದಕ್ಕೂ ಅಳತೆಗೆ ಸರಿಯಾಗಿ ಹೊಲಿದವಳಲ್ಲ ನಾನು. ಕಣ್ಣೆದುರಿಗಿದ್ದರೂ ಅವು ನಮಗೆ ಹೇಳಿ ಬೆಳೆಯಲ್ಲ. ಉದ್ದ ಬಿಟ್ಟು ಕತ್ತರಿಸು, ಅಂಚು ಹೊಲೀಬೇಡ. ಸೂಜಿದಾರ ಜೊತೆಗೇ ತಗೊಂಡು ಹೋಗಿ, ಅವನನ್ನ ನಿಲ್ಲಿಸಿ, ಎಷ್ಟು ಬೇಕೋ ಅಷ್ಟು ಒಳಗೆ ಮಡಚಿ ಹೊಲಿ, ಅಂದಳಂತೆ.

ಹನ್ನ ಅವಳ ಮುಖ ನೋಡಿ, ನನಗ್ಯಾಕೆ ಹೇಳ್ತಿದೀಯ ಇದನ್ನ, ಅಂದಳಂತೆ. ಪೆನಿನ್ನ ಬಟ್ಟೆಯ ಸುಕ್ಕು ತೀಡುತ್ತಾ, ಹೋದ ವರ್ಷ ನೀನು ಅವನನ್ನ ಇಳಿಸಿದ್ದು ನೋಡಿದೆ, ನನ್ನ ಕೈಲಿ ಆಗ್ತಿರಲಿಲ್ಲ ಕಣಕ್ಕಾ, ಅಂದಳಂತೆ.

ಆಮೇಲೆ ಶೀಲೋವಿನಲ್ಲಿ ಸಮುವೇಲ ಅಮ್ಮನ ಮುಂದೆ ಕೈಚಾಚಿ ನಿಂತ, ಹನ್ನ ನೆಲದ ಮೇಲೆ ಕೂತು ಸುತ್ತಲೂ ಮಡಚಿ ಹೊಲಿದಳಂತೆ. ಅವನು ಬತ್ತಿ ಹೊಸೆಯೋದು ಕಲಿತದ್ದು, ಏಲಿ ತಾತನಿಗೆ ದಾರಿ ತೋರಿಸೋದು, ಎಲ್ಲ ಒಂದೇ ಉಸಿರಿಗೆ ಹೇಳಿದ. ಮನೆಗೆ ಹೋಗೋಣ ಅನ್ನಲಿಲ್ಲ. ಅವಳು ಕಾದಳು, ಅನ್ನಲೇ ಇಲ್ಲ. ಮಡಿಕೆ ಮುಟ್ಟಿ ನೋಡಿ, ಇಷ್ಟು ಬಟ್ಟೆ ಯಾಕಮ್ಮ ಒಳಗೆ, ಅಂತ ಕೇಳಿದನಂತೆ. ಅದು ನೀನು ಬೆಳೆಯೋಕೆ ಕಂದಾ, ಅದನ್ನ ನಾನು ನೋಡಲ್ಲ, ನೋಡೋ ದೇವರು ಇಲ್ಲೇ ಇದ್ದಾನೆ, ಅಂದಳಂತೆ. ಹೂಂ ಅಂದ. ಬೇಗ ಮುಗಿಸಮ್ಮಾ, ದೀಪಕ್ಕೆ ಹೊತ್ತಾಯಿತು, ಅಂದ. ದಾರ ಹಲ್ಲಲ್ಲಿ ಕಡಿದಳು. ಅವನು ಎಡವದೆ ಓಡಿದ.

ಆಮೇಲೆ ದೇವರು ಹನ್ನಳಿಗೆ ಇನ್ನೂ ಮೂರು ಗಂಡು, ಎರಡು ಹೆಣ್ಣು ಕೊಟ್ಟನಂತೆ. ಸಮುವೇಲನನ್ನ ದೇವರು ಹೆಸರು ಹಿಡಿದು ಕರೆದು ಮಾತಾಡಿದನಂತೆ, ಅವನು ಇಡೀ ದೇಶಕ್ಕೆ ದಾರಿ ಹೇಳೋನಾದನಂತೆ. ಎಲ್ಲರೂ ಅವರವರ ಜಾಗದಲ್ಲಿ ಚೆನ್ನಾಗಿದ್ದರಂತೆ.

ಅಲ್ಲಿಗೆ ಈ ಕತೆ ಸಂಪೂರ್ಣ. ನಾಳೆ ನಿನ್ನ ತಮ್ಮನಿಗೆ ಹೇಳು. ನಿನಗೆ ತೋಚಿದ್ದು ನಾಲ್ಕು ಮಾತು ಸೇರಿಸಿಕೊ, ಬೇಡ ಅನಿಸಿದ್ದು ಬಿಡು. ಬಾಗಿಲವರೆಗೂ ಎತ್ತಿಕೊಂಡು ಹೋದವಳು ಅಲ್ಲಿ ಮಗೂನ ಕೆಳಗಿಳಿಸಿದಳಲ್ಲ, ಅದೊಂದು ಮಾತ್ರ ಬಿಡಬೇಡ.