ಹಾಳು ಹಿತ್ತಲ ದವನ

"ಅಕ್ಕಾ, ಓಬಮ್ಮನವರ ಆಶ್ರಮಕ್ಕೆ ಯಾವ ಕಡೆ? ಮೂರು ಸಲ ಇದೇ ಹೊಳೆದಂಡೆಗೆ ಬಂದು ಬಿದ್ದೆ."

ಹೂ ಕಟ್ಟುತ್ತಿದ್ದ ಹೊನ್ನೂರಮ್ಮ ತಲೆಯೆತ್ತಿದಳು. "ಎದುರಿಗೇ ಇದೆಯಲ್ಲೇ! ಕಾಶಿ ತನಕ ಹೋಗಿ ಬಂದವಳ ಹಾಗೆ ಕಾಣ್ತೀಯ, ಇದು ಕಾಣಲಿಲ್ವಾ?"

"ಕಾಶಿಗೆ ಎರಡು ಸಲ," ಎಂದಳು ಕಾತ್ಯಾಯಿನಿ.

ಹನ್ನೊಂದು ಮಂದಿ ಗುರುಗಳನ್ನು ಕಂಡವಳು. ಎಲ್ಲೂ ಒಂದು ವಾರ ನಿಂತವಳಲ್ಲ. ಈ ಸಲ ನಿಲ್ಲಬೇಕೆಂಬ ಆಸೆಯಿತ್ತು.

ಮೂಲಿಕೆ ಬಲ್ಲ ಮುದುಕಿ ಓಬಮ್ಮ, ಆಶ್ರಮದ ಹಿಂದೆ ವರ್ಷಗಳಿಂದ ಯಾರೂ ಕಾಲಿಡದ ಹಿತ್ತಲು ತೋರಿಸಿದಳು.

"ಅಲ್ಲಿ ಬೆಳೆದಿರೋದು ಏನು ಅಂತ ತಿಳಿದು ಬಾ. ನಿನ್ನನ್ನ ಇಟ್ಟುಕೊಳ್ಳೋ ಮಾತು ಆಮೇಲೆ."

ಕಾತ್ಯಾಯಿನಿ ಬೇಲಿಯಾಚೆಯಿಂದಲೇ ನೋಡಿದಳು. ಸಣ್ಣಗೆ ಸೀಳಿದ, ಬೂದು ಹಸಿರಿನ ಎಲೆ.

"ದವನ! ಇಷ್ಟೊಂದು ದವನ ಯಾವ ಊರಲ್ಲೂ ಕಂಡಿಲ್ಲ."

ದಾರಿ ತೋರಿಸಿದ ಉಪಕಾರಕ್ಕೆಂದು ಸೆರಗು ತುಂಬ ಕಿತ್ತು ಹೊನ್ನೂರಮ್ಮನಿಗೆ ಕೊಟ್ಟಳು. ಅವಳು ಸೇವಂತಿಗೆಯ ನಡುನಡುವೆ ಇಟ್ಟು ಮಾಲೆ ಕಟ್ಟಿದಳು.

ಮರುದಿನ ಹೊನ್ನೂರಮ್ಮ ಕೈ ಕೆರೆದುಕೊಳ್ಳುತ್ತ ಆಶ್ರಮಕ್ಕೆ ಬಂದಳು.

"ನೋಡೇ ತಾಯಿ, ನಿನ್ನ ದವನ! ನನಗೆ ನೆಗಡಿ, ಮೂಗು ಕಟ್ಟಿತ್ತು. ನಿನ್ನ ಮೂಗಿಗೇನಾಗಿತ್ತು?"

ಕಾತ್ಯಾಯಿನಿಯೂ ಕೈ ಕೆರೆದುಕೊಳ್ಳುತ್ತಿದ್ದಳು.

ಓಬಮ್ಮ ಬಟ್ಟೆಯಲ್ಲಿ ಒಂದೆಲೆ ಹಿಡಿದು ಹೊಸಕಿ, ಅವಳ ಮೂಗಿನ ಹತ್ತಿರ ತಂದಳು.

"ದವನದ ಘಮ ಇಲ್ಲ," ಎಂದಳು ಕಾತ್ಯಾಯಿನಿ ಮೆಲ್ಲಗೆ.

"ಪಾರ್ಥೇನಿಯಂ ಕಳೆ. ಅದೂ ನಿನ್ನ ಹಾಗೇ ದೇಶಾಂತರ ತಿರುಗಿ ಬಂದದ್ದು. ಕೇಳೋರಿಲ್ಲದ ಜಾಗ ಸಿಕ್ಕಿತು, ಕೂತುಬಿಟ್ಟಿತು."

"ಹಾಗಾದರೆ ನಾನು ಹೊರಡಲೇ, ಅವ್ವಾ?"

"ಹೊರಡೋದು ನಿನಗೆ ಚೆನ್ನಾಗಿ ಬರುತ್ತೆ. ಇವಳ ಮುಯ್ಯಿ ಯಾರು ತೀರಿಸ್ತಾರೆ?"

ಆ ಊರಲ್ಲಿ ಒಬ್ಬರ ಒಂದು ದಿನದ ದುಡಿಮೆಗೆ ಇನ್ನೊಬ್ಬರ ಒಂದು ದಿನ. ಅದೇ ಮುಯ್ಯಿ.

"ಇವತ್ತು ಮಾಲೆ ಕಟ್ಟೋಕಾಗಲ್ಲ," ಎಂದಳು ಹೊನ್ನೂರಮ್ಮ. "ನನ್ನ ಬದಲು ನೀನು ದುಡಿ. ನನ್ನ ತೋಟದಲ್ಲಲ್ಲ, ಈ ಹಿತ್ತಲಲ್ಲಿ. ನನ್ನ ಸೇವಂತಿಗೆ ಮಡಿಗೆ ಇದರ ಬೀಜ ಹಾರಿ ಬರೋದು ಇಲ್ಲಿಂದಲೇ."

ಕಾತ್ಯಾಯಿನಿ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡಳು. ಹೊನ್ನೂರಮ್ಮ ಬೇಲಿಯ ಮೇಲೆ ಮೊಣಕೈ ಊರಿ, "ಬೇರು ಬಿಟ್ಟೆ ನೋಡು! ಅಲ್ಲೊಂದು, ಹೂ ಬಿಡೋಕೆ ಮುಂಚೆ ಕೀಳು!" ಎಂದು ದಿನವಿಡೀ ಕಾಡಿದಳು. ಇಬ್ಬರೂ ನಕ್ಕರು.

ಹೊತ್ತು ಇಳಿಯುವಾಗ ಹಿತ್ತಲು ಬರಿಮಣ್ಣಾಗಿತ್ತು.

"ಮುಯ್ಯಿ ತೀರಿತು ಕಣೇ," ಎಂದಳು ಹೊನ್ನೂರಮ್ಮ.

ಕಾತ್ಯಾಯಿನಿ ಚೀಲ ಕಳಚಿ ಗುರುವಿನ ಮುಂದೆ ನಿಂತಳು. "ಗಿಡದ ಗುರುತು ಸಿಕ್ಕಿತು. ಈಗ ಹೇಳಿ ಅವ್ವಾ, ಇರಲೋ, ಹೋಗಲೋ?"

ಓಬಮ್ಮ ಮಣ್ಣನ್ನೇ ನೋಡುತ್ತಿದ್ದಳು.

"ಖಾಲಿ ಬಿಟ್ಟರೆ ಒಂದು ಮಳೆಗೆ ಅದೇ ಬರುತ್ತೆ. ಏನು ಬಿತ್ತುತ್ತೀ?"